ಹಳೆಯ ಲ್ಯಾಪ್‌ಟಾಪಿಗೆ ಒಂದು ವರ್ಷದ ವಾಯಿದೆ

2017ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪಿನ ಕೀಲಿಮಣೆಯಲ್ಲಿ 'ಎ' ಅಕ್ಷರ ಪೂರ್ತಿ ಅಳಿಸಿಹೋಗಿದೆ, ಬ್ಯಾಟರಿ ಮುಕ್ಕಾಲು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. ಆದರೂ ಮೂರು ವರ್ಷಗಳ ಹಿಂದೆ ಹಾರ್ಡ್‌ಡಿಸ್ಕ್ ತೆಗೆಸಿ ಅದಕ್ಕಿಂತ ವೇಗವಾಗಿ ಕೆಲಸ ಮಾಡುವ ಎಸ್‌ಎಸ್‌ಡಿ ಹಾಕಿಸಿದ ಮೇಲೆ ಅದು ನನ್ನ ಕೆಲಸಕ್ಕೆ ಎಂದೂ ಅಡ್ಡಿ ಮಾಡಿಲ್ಲ. ಹಾಗಿರುವಾಗ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ, ಅಂದರೆ ಸುರಕ್ಷತಾ ಅಪ್‌ಡೇಟ್‌ಗಳು ನಿಲ್ಲುತ್ತವೆ ಎಂಬ ಸೂಚನೆ ಪರದೆಯ ತುಂಬ ಬಂದು ನಿಂತಾಗ, ಯಂತ್ರವನ್ನು ಬದಲಿಸಬೇಕೋ ಅದರ ಕಾರ್ಯಾಚರಣಾ ವ್ಯವಸ್ಥೆಯನ್ನು ಬದಲಿಸಬೇಕೋ ಎಂದು ಯೋಚಿಸಲೇಬೇಕಾಯಿತು.

ಮೈಕ್ರೋಸಾಫ್ಟ್‌ನದೇ ತಪಾಸಣೆಯ ತಂತ್ರಾಂಶವನ್ನು ಓಡಿಸಿ ನೋಡಿದರೆ, ವಿಂಡೋಸ್ 11ಕ್ಕೆ ಈ ಲ್ಯಾಪ್‌ಟಾಪ್ ಅರ್ಹವಲ್ಲ ಎಂಬ ಉತ್ತರ ಬಂತು. ಕೇಳುವುದು ಕನಿಷ್ಠ 4 ಜಿಬಿ ರ್‍ಯಾಮ್, ನನ್ನಲ್ಲಿರುವುದು 8 ಜಿಬಿ. ಎಲ್ಲರೂ ದೊಡ್ಡ ಅಡ್ಡಿಯೆಂದು ಹೇಳುವ ಟಿಪಿಎಂ 2.0 ಎಂಬ ಸುರಕ್ಷತಾ ಘಟಕ ಕೂಡ ಇದೆ. ಕೊರತೆ ಒಂದೇ: ಪ್ರೊಸೆಸರ್ ಇಂಟೆಲ್‌ನ ಏಳನೆಯ ಪೀಳಿಗೆಯದು, ಅನುಮೋದಿತ ಪಟ್ಟಿ ಹೆಚ್ಚುಕಡಿಮೆ ಎಂಟನೆಯ ಪೀಳಿಗೆಯಿಂದ ಆರಂಭವಾಗುತ್ತದೆ. ಒಂದು ವರ್ಷ ತಡೆದು ಕೊಂಡಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲವೇನೋ.

"ಪೆನ್‌ಡ್ರೈವ್‌ನಲ್ಲಿ ಹಾಕ್ಕೊಡ್ತೀನಿ ಸರ್, ಚೆಕ್ಕೇ ಮಾಡಲ್ಲ" ಎಂದು ನಮ್ಮ ಬೀದಿಯ ಕಂಪ್ಯೂಟರ್ ಅಂಗಡಿಯ ಹುಡುಗ ಧೈರ್ಯ ಹೇಳಿದ. ಅವನು ಹೇಳಿದ್ದು ಸುಳ್ಳಲ್ಲ. ತಪಾಸಣೆಯನ್ನು ದಾಟಿಸುವ ಉಪಾಯಗಳಿವೆ. ಆದರೆ ಹಾಗೆ ಹಾಕಿಕೊಂಡ ಯಂತ್ರಗಳಿಗೆ ಮುಂದಿನ ಅಪ್‌ಡೇಟ್‌ಗಳು ಸಿಗುತ್ತವೆಂಬ ಖಾತರಿಯನ್ನು ಕಂಪನಿ ಕೊಡುವುದಿಲ್ಲ. ಸುರಕ್ಷತೆಗಾಗಿ ಮೇಲ್ದರ್ಜೆಗೇರಿಸಿ, ಸುರಕ್ಷತೆಯ ಖಾತರಿಯನ್ನೇ ಬಿಟ್ಟುಕೊಡುವುದು ನನಗೆ ಸರಿಕಾಣಲಿಲ್ಲ.

ಹೊಸ ಲ್ಯಾಪ್‌ಟಾಪಿಗೆ ದುಡ್ಡು ಸುರಿಯುವ ಮನಸ್ಸಿರಲಿಲ್ಲವಾದ್ದರಿಂದ, ವಿಂಡೋಸಿನ ಬದಲು ಬಳಸಬಹುದಾದ ಉಚಿತ ವ್ಯವಸ್ಥೆ ಲಿನಕ್ಸ್ ಮಿಂಟನ್ನು ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ ಎರಡು ಸಂಜೆ ಬಳಸಿ ನೋಡಿದೆ. ಡಿಸ್ಕಿಗೆ ಏನನ್ನೂ ಹಾಕದೆ ಹೀಗೆ ಪರೀಕ್ಷಿಸಬಹುದಾದದ್ದು ದೊಡ್ಡ ಅನುಕೂಲ. ವೈಫೈ ಕೂಡಲೇ ಸಿಕ್ಕಿತು; ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, 'ನುಡಿ' ಎಂಬ ಕನ್ನಡ ಬರವಣಿಗೆಯ ತಂತ್ರಾಂಶದಲ್ಲಿ ನನಗೆ ರೂಢಿಯಾಗಿರುವ ಕೀಲಿಮಣೆಯೇ ಅಲ್ಲಿ 'ಕೆಜಿಪಿ' ಎಂಬ ಹೆಸರಿನಲ್ಲಿ ದೊರೆಯಿತು.

ತೊಡಕಾದದ್ದು ಅಪ್ಪನ ಕಡತಗಳು. ಅಪ್ಪ 2004ರಿಂದ ಬರೆದಿಟ್ಟ ಮುನ್ನೂರಕ್ಕೂ ಹೆಚ್ಚು ಲೇಖನಗಳು ನುಡಿಯ ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿವೆ. ಈ ಹಳೆಯ ಪದ್ಧತಿಯಲ್ಲಿ ಕಡತದೊಳಗೆ ಕನ್ನಡ ಅಕ್ಷರವೇ ಇರುವುದಿಲ್ಲ. ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಫಾಂಟ್ ಚಿತ್ರಿಸಿ ತೋರಿಸುತ್ತದೆ. ಫಾಂಟ್ ಇಲ್ಲದ ಕಡೆ ತೆರೆದರೆ 'ಕನ್ನಡ' ಎಂಬ ಮೂರಕ್ಷರದ ಪದವೇ 'ಪಿ' ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟಿರುವ 'ಎ'ಗಳಾಗಿ ಒಡೆದುಹೋಗುತ್ತದೆ. ಫಾಂಟನ್ನು ಲಿನಕ್ಸ್‌ನಲ್ಲಿ ಹಾಕಿಕೊಂಡು ಓದಬಹುದು, ಆದರೆ ತಿದ್ದಲು ಬೇಕಾದ ಹಳೆಯ ತಂತ್ರಾಂಶ ವಿಂಡೋಸಿನದು. ಎಲ್ಲವನ್ನೂ ಈಗ ಎಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಗೆ ಪರಿವರ್ತಿಸದೆ ಹೊರಟರೆ ಮನೆ ಬದಲಿಸುವಾಗ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಬಿಟ್ಟುಬಂದಂತಾಗುತ್ತಿತ್ತು.

ಹಾಗಾಗಿ ಸದ್ಯಕ್ಕೆ ವಿಂಡೋಸ್ 10ರಲ್ಲಿಯೇ ಉಳಿದಿದ್ದೇನೆ. ಮನೆಬಳಕೆಯ ಕಂಪ್ಯೂಟರುಗಳಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್‌ಗಳನ್ನು ಪಡೆಯುವ ಯೋಜನೆಯೊಂದಿದ್ದು, ಮೈಕ್ರೋಸಾಫ್ಟ್ ಖಾತೆಯ ಮೂಲಕ ಸೆಟ್ಟಿಂಗ್‌ಗಳನ್ನು ಸಿಂಕ್ ಮಾಡಲು ಒಪ್ಪಿದರೆ ಅದಕ್ಕೆ ಹಣ ಕೊಡಬೇಕಾಗಿಲ್ಲ. ಖಾತೆಯಿಲ್ಲದೆ ಎಂಟು ವರ್ಷ ನಡೆಸಿದವನಿಗೆ ಈ ಷರತ್ತು ಸ್ವಲ್ಪ ಕಹಿಯೇ ಆಯಿತು. ಆದರೂ ಒಪ್ಪಿಕೊಂಡೆ, ಎಲ್ಲ ಕಡತಗಳನ್ನೂ ಬೇರೊಂದು ಹಾರ್ಡ್‌ಡಿಸ್ಕಿಗೆ ನಕಲು ಮಾಡಿಟ್ಟೆ.

ಪರಿವರ್ತನೆ ನಾನೆಣಿಸಿದಷ್ಟು ಸಲೀಸಲ್ಲ. ಲೇಖನದ ನಡುವೆ ಅಪ್ಪ ಇಂಗ್ಲಿಷಿನಲ್ಲಿಯೇ ಬಿಟ್ಟಿದ್ದ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ಭಾವಿಸಿ ಅರ್ಥವಿಲ್ಲದ ಅಕ್ಷರಗಳ ರಾಶಿ ಮಾಡಿಬಿಡುತ್ತದೆ. ಕೆಲವು ಕಡೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿದಿರುತ್ತದೆ. ಆದ್ದರಿಂದ ವಾರಕ್ಕೆ ಎಂಟು ಲೇಖನಗಳಂತೆ ಮುದ್ರಿಸಿ ಅಪ್ಪನಿಗೆ ಕೊಡುತ್ತಿದ್ದೇನೆ. ಅವರು ಕೆಂಪು ಪೆನ್ನು ಹಿಡಿದು ಕೂತರೆ ಯಂತ್ರದ ತಪ್ಪುಗಳ ಜೊತೆಗೆ ಇಪ್ಪತ್ತು ವರ್ಷ ಹಿಂದಿನ ತಮ್ಮ ವಾಕ್ಯಗಳನ್ನೂ ತಿದ್ದಿಬಿಡುತ್ತಾರೆ. ಈ ವೇಗದಲ್ಲಿ ಅಕ್ಟೋಬರಿನೊಳಗೆ ಮುಗಿಯುವುದು ಅನುಮಾನ.