ಸಮುದ್ರದ ಮೀನುಮರಿಯ ಮೊದಲ ತುತ್ತು

ಕಾರಂಜಾ ಜಲಾಶಯದ ಮೀನು ಉಂಡು ಬೆಳೆದ ನಮ್ಮ ಭಾಲ್ಕಿ ಕಡೆಯವರಿಗೆ ಮೀನುಮರಿ ಸಾಕುವುದೆಂದರೆ, ಕೊಳಕ್ಕೆ ಸಗಣಿ ಗೊಬ್ಬರ ಹಾಕಿ, ನೀರು ಹಸಿರಾದ ಮೇಲೆ ಕಾಟ್ಲಾ, ರೋಹು ಮರಿಗಳನ್ನು ಬಿಡುವುದು. ಹೀರಾಲಾಲ್ ಚೌಧುರಿಯವರು 1957ರಲ್ಲಿ ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆ ಈ ಕೆಲಸ ಒಳನಾಡಿಗೆಲ್ಲ ಹಬ್ಬಿತು. ಸಮುದ್ರದ ಕೋಬಿಯಾ ಮೀನಿನ ಮರಿ ಮಾಡುವುದು ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ತಮಿಳುನಾಡಿನ ಮಂಡಪಂ ಕೇಂದ್ರದಲ್ಲಿ ಕೈಗೂಡಿದ್ದು 2010ರಲ್ಲಿ. ಸಮುದ್ರದ್ದೇ ಆದ ಪೊಂಪಾನೋ ಮೀನಿನದು ಮರು ವರ್ಷ. ಇಷ್ಟು ತಡವಾಗಲು ಮೊಟ್ಟೆ ಇಡಿಸುವ ಕಷ್ಟವೊಂದೇ ಕಾರಣವಲ್ಲ, ಮರಿಯ ಬಾಯಿ ತೀರ ಚಿಕ್ಕದಿರುವುದೂ ಕಾರಣ ಎಂಬುದು ಕರಾವಳಿಯ ಮರಿ ಉತ್ಪಾದನಾ ಕೇಂದ್ರವೊಂದರಲ್ಲಿ ತರಬೇತಿಗೆ ಹೋದಾಗ ನನಗೆ ಮನವರಿಕೆಯಾಯಿತು.

ಮೂರನೆಯ ದಿನದ ಮರಿಗಳನ್ನು ಗಾಜಿನ ಬೀಕರಿನಲ್ಲಿ ತುಂಬಿ ದೀಪಕ್ಕೆ ಹಿಡಿದು ನೋಡಿದೆ. ಮೈಯೆಲ್ಲ ಪಾರದರ್ಶಕ, ಕಣ್ಣು ಮಾತ್ರ ಎರಡು ಕಪ್ಪು ಚುಕ್ಕಿ. ಹುಟ್ಟುವಾಗ ಹೊಟ್ಟೆಗಂಟಿಕೊಂಡು ಬಂದ ಆಹಾರದ ಹಳದಿ ಚೀಲ ಆ ಹೊತ್ತಿಗೆ ಕರಗಿರುತ್ತದೆ, ಬಾಯಿ ಆಗಷ್ಟೇ ತೆರೆದಿರುತ್ತದೆ, ಅದರ ಅಗಲ ಸುಮಾರು 0.2 ಮಿಲಿಮೀಟರ್. ಆ ಬಾಯಿಗೆ ಹಿಡಿಸುವಷ್ಟು ಸಣ್ಣದಾದ, ಮರಿಯ ಕಣ್ಣಿಗೆ ಬೀಳುವಂತೆ ಅಲುಗಾಡುವ ಜೀವಂತ ಆಹಾರ ಆಗಲೇ ಸಿಗಬೇಕು. ಅದಕ್ಕೆಂದೇ ರೋಟಿಫರ್ ಎಂಬ ಸೂಕ್ಷ್ಮ ನೀರಜೀವಿಯನ್ನು ಸಾಕುತ್ತಾರೆ, ರೋಟಿಫರಿಗೆಂದು ಪಾಚಿ ಬೆಳೆಸುತ್ತಾರೆ. ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯ ಮರಿ ಕೊಡುವುದು ಮರಿ ಸ್ವಲ್ಪ ಬೆಳೆದ ಮೇಲೆ. ಬರಿಯ ಹೊಟ್ಟೆ ತುಂಬಿದರೂ ಸಾಲದು. ಡಿಎಚ್‌ಎ ಎಂಬ ಕೊಬ್ಬಿನಾಮ್ಲವನ್ನು ಸಮುದ್ರದ ಮರಿ ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಆದ್ದರಿಂದ ರೋಟಿಫರಿಗೆ ಮೊದಲು ಅದನ್ನು ಉಣಿಸಿ ಆಮೇಲೆ ಮರಿಗೆ ಬಿಡುತ್ತಾರೆ.

ಒಂದು ರಾತ್ರಿ ರೋಟಿಫರ್ ತೊಟ್ಟಿಗೆ ಅವುಗಳ ಆಹಾರಕ್ಕೆಂದು ನಾನು ಯೀಸ್ಟ್ ಹೆಚ್ಚಾಗಿ ಹಾಕಿದೆ. ಬೆಳಿಗ್ಗೆ ನೀರಿನ ಮೇಲೆ ನೊರೆ ಕಟ್ಟಿತ್ತು, ಸೂಕ್ಷ್ಮದರ್ಶಕದ ಕೆಳಗೆ ರೋಟಿಫರಿಗಿಂತ ಬೇಡದ ಜೀವಿಗಳೇ ಹೆಚ್ಚು ಕಂಡವು. ಹೊಸ ತೊಟ್ಟಿ ಸಿದ್ಧವಾಗುವಷ್ಟರಲ್ಲಿ ಮರಿಗಳು ಹಸಿದು ಸತ್ತು ತಳ ಸೇರಿದ್ದವು. ಆ ತಳವನ್ನು ಸೈಫನ್ ಕೊಳವೆಯಿಂದ ತೆಗೆದವನೂ ನಾನೇ, ಆ ಬಿಳಿ ಪದರ ಈಗಲೂ ಕಣ್ಣ ಮುಂದಿದೆ.

ಊರಿಗೆ ಮರಳಿದ ಮೇಲೆ ನಮ್ಮ ಪಾಲನಾ ಕೊಳದ ನೀರನ್ನು ಸೂಕ್ಷ್ಮ ಜೀವಿ ಹಿಡಿಯುವ ಪ್ಲಾಂಕ್ಟನ್ ಬಲೆಯಲ್ಲಿ ಸೋಸಿ ನೋಡಿದೆ. ಕರಾವಳಿಯಲ್ಲಿ ಸಾಕುವ ಅದೇ ಬ್ರಾಕಿಯೋನಸ್ ಕುಲದ ರೋಟಿಫರ್, ಸಿಹಿನೀರಿನದು, ಹನಿಯೊಳಗೆ ತುಂಬಿ ಓಡಾಡುತ್ತಿತ್ತು. ಕರಾವಳಿಯಲ್ಲಿ ಹಗಲಿರುಳು ಕಾದು ಬೆಳೆಸುವುದನ್ನು ಇಲ್ಲಿ ಎರಡು ಬುಟ್ಟಿ ಸಗಣಿ ಮತ್ತು ಬೀದರಿನ ಬಿಸಿಲು ಬೆಳೆಸಿದ್ದವು.