ಹಳದಿ ಎಲ್ಲಿತ್ತು?

ಮೊಬೈಲ್ ಪರದೆಯಲ್ಲಿ ಹಳದಿ ಹೂವಿನ ಚಿತ್ರವೊಂದನ್ನು ತೆರೆದು, ಅದರ ಮೇಲೆ ಸಣ್ಣದೊಂದು ನೀರಿನ ಹನಿ ಬಿಟ್ಟು ನೋಡಿದರೆ, ಹನಿಯೊಳಗೆ ಕೆಂಪು ಮತ್ತು ಹಸಿರು ಚುಕ್ಕಿಗಳು ಕಾಣುತ್ತವೆ. ಹಳದಿ ಬೆಳಕಿಗೆಂದೇ ಇರುವ ಚುಕ್ಕಿ ಅಲ್ಲಿ ಒಂದೂ ಇಲ್ಲ. ಹಾಗಾದರೆ ನಾನು ಕಂಡ ಹಳದಿ ಎಲ್ಲಿತ್ತು ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡಿದೆ.

ಬಣ್ಣವೆಂಬುದು ವಸ್ತುವಿನ ಗುಣವೆಂಬಂತೆ ನಾವು ಮಾತನಾಡುತ್ತೇವೆ. ಸ್ವಲ್ಪ ವಿಜ್ಞಾನ ಓದಿದವರು ಅದನ್ನು ಬೆಳಕಿನ ಗುಣವೆನ್ನುತ್ತಾರೆ. ಆದರೆ ಗಾಜಿನ ಪಟ್ಟಕದಿಂದ ಬಿಸಿಲನ್ನು ಬಿಡಿಸಿ ತೋರಿಸಿದ ನ್ಯೂಟನ್ನನೇ, ಕಿರಣಗಳಿಗೆ ಬಣ್ಣವಿಲ್ಲ, ಬಣ್ಣದ ಅನುಭವವನ್ನು ಹುಟ್ಟಿಸುವ ಶಕ್ತಿ ಮಾತ್ರ ಅವುಗಳಿಗಿದೆ ಎಂದು 1704ರ ತನ್ನ ಗ್ರಂಥದಲ್ಲಿ ಸ್ಪಷ್ಟಪಡಿಸಿದ್ದ. ಸುಮಾರು 580 ನ್ಯಾನೊಮೀಟರ್ ತರಂಗಾಂತರದ ಶುದ್ಧ ಹಳದಿ ಬೆಳಕು ಕಣ್ಣಿನ ಶಂಕುಕೋಶಗಳನ್ನು, ಅಂದರೆ ಬಣ್ಣ ಗ್ರಹಿಸಲು ನೆರವಾಗುವ ಕೋಶಗಳನ್ನು, ಯಾವ ಪ್ರಮಾಣದಲ್ಲಿ ಪ್ರಚೋದಿಸುತ್ತದೆಯೋ, ತಕ್ಕ ಅಳತೆಯಲ್ಲಿ ಬೆರೆತ ಕೆಂಪು ಮತ್ತು ಹಸಿರು ಬೆಳಕೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಪ್ರಚೋದಿಸುತ್ತದೆ. ಕೋಶಗಳಿಂದ ಮುಂದಕ್ಕೆ ಸಾಗುವುದು ಆ ಪ್ರಮಾಣವಷ್ಟೇ ಆದ್ದರಿಂದ, ಎರಡನ್ನೂ ಬೇರ್ಪಡಿಸಿ ನೋಡಲು ಮಿದುಳಿಗೆ ದಾರಿಯೇ ಇಲ್ಲ. ಕಣ್ಣಿನಲ್ಲಿ ಮೂರು ಬಗೆಯ ಗ್ರಾಹಕಗಳಿದ್ದರೆ ಸಾಕೆಂದು ಇಂಗ್ಲಿಷ್ ವಿಜ್ಞಾನಿ ಥಾಮಸ್ ಯಂಗ್ 1802ರಲ್ಲೇ, ಆ ಕೋಶಗಳನ್ನು ಯಾರೂ ಕಾಣುವ ಮುನ್ನವೇ, ಊಹಿಸಿದ್ದು ನನಗೆ ಇಂದಿಗೂ ರೋಮಾಂಚನ ತರುತ್ತದೆ.

ಇಷ್ಟು ತಿಳಿದ ಮೇಲೆ ಬಣ್ಣವೇ ಒಂದು ಭ್ರಮೆ ಎಂದುಬಿಡುವವರಿದ್ದಾರೆ. ನಾನು ಅದನ್ನು ಒಪ್ಪಲಾರೆ. ಸಂಜೆಯ ಕೆಂಬಿಸಿಲಿನಲ್ಲೂ ನಡುಹಗಲಿನಲ್ಲೂ ಬಿಳಿ ಕಾಗದವನ್ನು ಬಿಳಿಯಾಗಿಯೇ ಉಳಿಸುವ, ಎಲೆಗಳ ನಡುವಿನಿಂದ ಮಾಗಿದ ಹಣ್ಣನ್ನು ಎತ್ತಿ ತೋರಿಸುವ ಅರಿವು ಲೋಕದ ಬಗ್ಗೆ ಸುಳ್ಳು ಹೇಳುತ್ತಿಲ್ಲ. ವಸ್ತು, ಬೆಳಕು, ಕಣ್ಣು, ಮಿದುಳು ಕೂಡಿದಲ್ಲಿ ಮಾತ್ರ ಸಿಗುವ ಸುದ್ದಿಯನ್ನು ಅದು ನಮಗೆ ತಲುಪಿಸುತ್ತಿದೆ.

ಈ ಕೂಟದಲ್ಲಿ ಒಂದು ಎಳೆ ತಪ್ಪಿದರೆ ಏನಾಗುತ್ತದೆಂಬುದನ್ನು ರಸಾಯನವಿಜ್ಞಾನಿ ಜಾನ್ ಡಾಲ್ಟನ್ ಸ್ವತಃ ಅನುಭವಿಸಿದ. ಇತರರಿಗೆ ಗುಲಾಬಿ ಬಣ್ಣದ್ದಾಗಿ ಕಾಣುವ ಜೆರೇನಿಯಂ ಹೂವು ಅವನಿಗೆ ಹಗಲಿನಲ್ಲಿ ಆಕಾಶನೀಲಿಯಾಗಿ, ಮೇಣದಬತ್ತಿಯ ಬೆಳಕಿನಲ್ಲಿ ಕೆಂಪಾಗಿ ಕಾಣುತ್ತಿತ್ತು. ತನ್ನ ಕಣ್ಣೊಳಗಿನ ದ್ರವ ನೀಲಿಯಾಗಿರಬೇಕೆಂದು 1794ರಲ್ಲಿ ವಾದಿಸಿದ ಅವನು, ಸತ್ತ ಮೇಲೆ ಕಣ್ಣನ್ನು ಪರೀಕ್ಷಿಸಬೇಕೆಂದು ಕೇಳಿಕೊಂಡಿದ್ದ. 1844ರಲ್ಲಿ ಪರೀಕ್ಷಿಸಿದಾಗ ದ್ರವ ತಿಳಿಯಾಗಿಯೇ ಇತ್ತು. ಆದರೂ ಕಾರಣ ಆ ಕಣ್ಣಿನಲ್ಲೇ ಅಡಗಿತ್ತು: ಕಾಪಿಟ್ಟಿದ್ದ ಅಂಗಾಂಶದ ಡಿಎನ್‌ಎಯನ್ನು ಪರಿಶೀಲಿಸಿದ ವಿಜ್ಞಾನಿಗಳು, ಮಧ್ಯಮ ತರಂಗಾಂತರಕ್ಕೆ, ಅಂದರೆ ಮುಖ್ಯವಾಗಿ ಹಸಿರು ಬೆಳಕಿಗೆ, ಸ್ಪಂದಿಸುವ ಶಂಕುಕೋಶದ ವರ್ಣಕದ ಜೀನ್ ಅವನಲ್ಲಿರಲಿಲ್ಲವೆಂದು 1995ರಲ್ಲಿ ಪ್ರಕಟಿಸಿದರು.