ಎರರ್‌ಕೋಡ್ 13: ಬಾಗಿಲು ಕಿತ್ತಿಟ್ಟರೂ ಒಳಗೆ ಬಿಡದ ಮನೆ

ಮೂರು ರಾತ್ರಿಗಳ ಬಳಿಕ ನನ್ನ ಲಿನಕ್ಸ್ ಯಂತ್ರದಲ್ಲಿ ಮರಿಯಾಡಿಬಿ (ಡೇಟಾಬೇಸ್ ತಂತ್ರಾಂಶ) ಎದ್ದು ನಿಂತಿದೆ. ತಪ್ಪು ನನ್ನದೇ ಎಂದು ಗೊತ್ತಾದ ಮೇಲೆ ಸಂತೋಷ ಅರ್ಧಕ್ಕಿಳಿದಿದೆ.

ಡಿಸ್ಕ್ ಜೋಡಣೆ, ಪಾರ್ಟಿಷನ್, ಫಾರ್ಮ್ಯಾಟ್‌ಗಳ ವರ್ಣನೆ ಬೇಡ. ಒಂದೇ ಮಾತು: ಎಸ್‌ಎಸ್‌ಡಿ ಡಿಸ್ಕ್ ಜೊತೆಗೆ ಅದನ್ನು ಜೋಡಿಸುವ ಸಾಟಾ ಕೇಬಲ್ ಕೊಡುತ್ತೇನೆಂದ ಮಾರಾಟಗಾರ ಕಳುಹಿಸಿದ್ದು ನಾಲ್ಕು ಸ್ಕ್ರೂ ಮತ್ತು ಒಂದು ಸ್ಟಿಕ್ಕರ್. ಕೇಬಲ್ ಬರಲು ಇನ್ನೂ ಒಂಬತ್ತು ದಿನ ಹಿಡಿಯಿತು. ಸ್ಟಿಕ್ಕರ್ ಮಾತ್ರ ಚೆನ್ನಾಗಿ ಅಂಟಿದೆ.

ಹೊಸ ಡಿಸ್ಕನ್ನು /ಹೋಮ್‌ಗೆ (ಬಳಕೆದಾರರ ಫೈಲುಗಳಿರುವ ಡೈರೆಕ್ಟರಿ) ಮೌಂಟ್ ಮಾಡಿದ್ದೆ, ಅಂದರೆ ಅಲ್ಲಿ ತೆರೆದುಕೊಳ್ಳುವಂತೆ ಜೋಡಿಸಿದ್ದೆ. ಜಾಗ ಅಲ್ಲೇ ಹೆಚ್ಚಿದೆಯಲ್ಲ ಎಂದು ಡೇಟಾಡಿರ್ (ಡೇಟಾಬೇಸ್ ತನ್ನ ಫೈಲುಗಳನ್ನಿಡುವ ಡೈರೆಕ್ಟರಿ) ಕೂಡ /ಹೋಮ್/ದತ್ತಾಂಶ ಎಂದು ಕಾನ್ಫಿಗ್ ಫೈಲಿನಲ್ಲಿ ಮೊದಲೇ ಬರೆದಿಟ್ಟೆ. ಪ್ಯಾಕೇಜ್ ಇಳಿಯಿತು, ಬಿಚ್ಚಿಕೊಂಡಿತು, ಕೊನೆಗೆ ಸರ್ವಿಸ್ ಶುರುಮಾಡಲು ಹೋಗಿ ಮುಗ್ಗರಿಸಿತು. ಅಲ್ಲಿಂದಾಚೆಗೆ ಪ್ಯಾಕೇಜ್ ಹಾಕುವ ಆಪ್ಟ್‌ನ ಗೋಳು ನಿಮಗೆ ಗೊತ್ತಿದ್ದದ್ದೇ. ಸಂಬಂಧವಿಲ್ಲದ ಪುಟ್ಟ ಪ್ಯಾಕೇಜ್ ಹಾಕಲು ಹೋದರೂ, ಅರೆಬರೆ ಕಾನ್ಫಿಗರ್ ಆದ ಮರಿಯಾಡಿಬಿಯದೇ ರಗಳೆ.

ಸಿಸ್ಟಮ್ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಹೇಳಿದ್ದು: ಪರೀಕ್ಷಾ ಫೈಲ್ ಸೃಷ್ಟಿಸಲಾಗಲಿಲ್ಲ, ಎರರ್‌ಕೋಡ್ 13, ಪರ್ಮಿಷನ್ ಡಿನೈಡ್ (ಅನುಮತಿ ಇಲ್ಲ). ಇಷ್ಟೇ ತಾನೇ ಎಂದು, ಡೈರೆಕ್ಟರಿಯ ಒಡೆತನ ಬದಲಿಸುವ ಚೌನ್ ಕೊಟ್ಟೆ. ಜಗ್ಗಲಿಲ್ಲ. ಮೇಲಿನ ಯಾವುದೋ ಡೈರೆಕ್ಟರಿಗೆ ಎಕ್ಸಿಕ್ಯೂಟ್ (ಒಳಗೆ ಹಾದುಹೋಗುವ) ಅನುಮತಿ ಇಲ್ಲದಿದ್ದರೂ ಹೀಗಾಗುತ್ತದೆಂದು, ದಾರಿಯ ಪ್ರತಿ ಡೈರೆಕ್ಟರಿಯ ಅನುಮತಿ ತೋರಿಸುವ ನೇಮ್‌ಐ -ಎಲ್ ಓಡಿಸಿ ಬೇರಿನಿಂದ ತುದಿಯವರೆಗೆ ನೋಡಿದೆ. ಎಲ್ಲವೂ ಸರಿ. ಪ್ರೋಗ್ರಾಮುಗಳಿಗೆ ಕಡಿವಾಣ ಹಾಕುವ ಆಪ್‌ಆರ್ಮರ್ ಮೇಲೆ ಸಂಶಯ ಬಂತು, ಆದರೆ ಕರ್ನಲ್ ಲಾಗಿನಲ್ಲಿ ‘ಡಿನೈಡ್’ ಎಂಬ ಒಂದು ಸಾಲೂ ಇಲ್ಲ. ಎರಡನೆಯ ರಾತ್ರಿ ಹನ್ನೆರಡೂವರೆಗೆ, ಯಾರೂ ನೋಡುತ್ತಿಲ್ಲ ಎಂಬ ಧೈರ್ಯದಲ್ಲಿ, 777 (ಎಲ್ಲರಿಗೂ ಎಲ್ಲ ಅನುಮತಿ) ಕೊಟ್ಟುಬಿಟ್ಟೆ. ಬಾಗಿಲನ್ನೇ ಕಿತ್ತು ಪಕ್ಕಕ್ಕಿಟ್ಟಂತೆ. ಆಗಲೂ 13.

ತಲೆ ಕೆಟ್ಟು, ಸುಡೊ ಮೂಲಕ, ಆ ಸರ್ವಿಸ್ ಓಡುವ ಮೈಎಸ್‌ಕ್ಯೂಎಲ್ ಬಳಕೆದಾರನಾಗಿಯೇ, ಮರಿಯಾಡಿಬಿಡಿಯನ್ನು (ಡೇಟಾಬೇಸಿನ ಸರ್ವರ್ ಪ್ರೋಗ್ರಾಮ್) ಕೈಯಾರೆ ಓಡಿಸಿದೆ. ಓಡಿತು! ಅದೇ ಬಳಕೆದಾರ, ಅದೇ ಡೈರೆಕ್ಟರಿ, ಅದೇ ಕಾನ್ಫಿಗ್. ನಾನು ಕರೆದರೆ ಬರುತ್ತದೆ, ಸರ್ವಿಸ್‌ಗಳನ್ನು ಶುರುಮಾಡುವ ಸಿಸ್ಟಮ್‌ಡಿ ಕರೆದರೆ ಬರುವುದಿಲ್ಲ. ಹಾಗಾದರೆ ವ್ಯತ್ಯಾಸ ಇರುವುದು ಕರೆಯುವವನಲ್ಲಿ. ಈ ಸರಳ ಪ್ರಶ್ನೆಯನ್ನು ಮೊದಲ ರಾತ್ರಿಯೇ ಕೇಳಿದ್ದರೆ ಎರಡು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

‘ಸಿಸ್ಟಮ್‌ಸಿಟಿಎಲ್ ಕ್ಯಾಟ್ ಮರಿಯಾಡಿಬಿ’ ಎಂದೆ. ಸರ್ವಿಸನ್ನು ಹೇಗೆ ಓಡಿಸಬೇಕೆಂದು ಸಿಸ್ಟಮ್‌ಡಿಗೆ ಹೇಳುವ ಯೂನಿಟ್ ಫೈಲಿನ ನಡುವೆ ತಣ್ಣಗೆ ಕುಳಿತಿತ್ತು: ಪ್ರೊಟೆಕ್ಟ್‌ಹೋಮ್=ಟ್ರೂ. ಈ ಸಾಲಿದ್ದರೆ ಆ ಸರ್ವಿಸಿನ ಕಣ್ಣಿಗೆ /ಹೋಮ್, /ರೂಟ್, /ರನ್/ಯೂಸರ್ ಮೂರೂ ಖಾಲಿ, ಮೂರಕ್ಕೂ ಪ್ರವೇಶವಿಲ್ಲ. ನಾನು ಅನುಮತಿ ಬದಲಿಸುತ್ತಿದ್ದ ಡೈರೆಕ್ಟರಿ ಅದರ ಲೋಕದಲ್ಲಿ ಇರಲೇ ಇಲ್ಲ. ಚೌನ್ ಪಾಪ ಏನು ಮಾಡೀತು?

ಪರೀಕ್ಷೆಗೆಂದು ಸಿಸ್ಟಮ್‌ಸಿಟಿಎಲ್ ಎಡಿಟ್‌ನಲ್ಲಿ ಅದನ್ನು ಫಾಲ್ಸ್ ಮಾಡಿ ರೀಸ್ಟಾರ್ಟ್ ಕೊಟ್ಟೆ. ತಕ್ಷಣ ಎದ್ದಿತು. (ಮೂಲ ಯೂನಿಟ್ ಫೈಲನ್ನು ನೇರವಾಗಿ ತಿದ್ದಬೇಡಿ, ಮುಂದಿನ ಅಪ್‌ಡೇಟ್ ನಿಮ್ಮ ತಿದ್ದುಪಡಿಯನ್ನು ನುಂಗಿಹಾಕುತ್ತದೆ.) ಆದರೆ ಕಾವಲುಗಾರ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದ್ದ, ಅವನನ್ನು ಮನೆಗೆ ಕಳುಹಿಸುವುದು ನ್ಯಾಯವಲ್ಲ ಅನ್ನಿಸಿತು. ತಿದ್ದುಪಡಿ ಅಳಿಸಿದೆ, ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್‌ನಲ್ಲಿ ಡಿಸ್ಕನ್ನು /ಎಸ್‌ಆರ್‌ವಿಗೆ ಸ್ಥಳಾಂತರಿಸಿದೆ, ಡೇಟಾಡಿರ್ ಬದಲಿಸಿದೆ, 777 ಎಂಬ ಪಾಪವನ್ನು 700ಕ್ಕೆ (ಮಾಲೀಕನಿಗಷ್ಟೇ ಅನುಮತಿ) ಇಳಿಸಿದೆ. ಅರೆಬರೆ ನಿಂತ ಪ್ಯಾಕೇಜುಗಳನ್ನು ಪೂರ್ಣಗೊಳಿಸುವ ಡಿಪಿಕೆಜಿ --ಕಾನ್ಫಿಗರ್ -ಎ ಗೊಣಗದೆ ಮುಗಿಯಿತು. ಮರಿಯಾಡಿಬಿಯ ಪೋರ್ಟ್ 3306ರಲ್ಲಿ ಉತ್ತರ ಬರುತ್ತಿದೆ.

ಇಷ್ಟೆಲ್ಲ ಯಾಕೆಂದರೆ ಮಳೆಮಾಪಕಕ್ಕೆ. ತಕ್ಕಡಿಯಂತೆ ಓಲಾಡುವ ಜೋಡಿ ಬಟ್ಟಲು, ಒಂದು ತುಂಬಿ ವಾಲಿದಾಗ ಆಯಸ್ಕಾಂತ ರೀಡ್ ಸ್ವಿಚ್ಚಿನ (ಆಯಸ್ಕಾಂತ ಬಳಿ ಬಂದರೆ ಬೆಸೆಯುವ ಸ್ವಿಚ್) ಮುಂದೆ ಹಾದುಹೋಗುತ್ತದೆ, ಒಂದು ಎಣಿಕೆ, ಟೇಬಲ್‌ನಲ್ಲಿ ಒಂದು ಸಾಲು. ಸ್ವಿಚ್ ಒಂದೇ ವಾಲಿಕೆಯನ್ನು ಮೂರು ಸಲ ಎಣಿಸದಂತೆ ಡಿಬೌನ್ಸ್ ಬೇಕು. ಅದನ್ನು ಕೋಡಿನಲ್ಲಿ ಮಾಡಬೇಕೇ, ಕೆಪಾಸಿಟರ್ ಹಾಕಬೇಕೇ ಎಂದು ಇನ್ನೂ ನಿರ್ಧರಿಸಿಲ್ಲ. ಅವಸರವೇನೂ ಇಲ್ಲ. ರೀಡ್ ಸ್ವಿಚ್ ಬಂದಿದೆ, ಆಯಸ್ಕಾಂತ ಬಂದಿಲ್ಲ. ಅದೇ ಮಾರಾಟಗಾರ.